ಎಡಗಿವಿ ಹಿಂಡುವ ವಿದ್ಯೆ

ಕಾರು ನಿಲ್ಲಿಸಿ ಕೆಳಗಿಳಿದ ಮೇಲೆ ಫಕೀರಪ್ಪನವರು ಮೊದಲು ಮಾಡುತ್ತಿದ್ದ ಕೆಲಸ ಬಾಗಿಲು ಹಾಕುವುದಲ್ಲ. ಬಗ್ಗಿ, ಮುಂದಿನ ಗಾಲಿಯ ಹತ್ತಿರ ಬಲಗೈಯ ಹಿಂಬದಿಯನ್ನು ಹಿಡಿದು, ಮಗುವಿನ ಜ್ವರ ನೋಡುವ ತಾಯಿಯ ಹಾಗೆ ಒಂದು ಗಳಿಗೆ ಸುಮ್ಮನಿರುತ್ತಿದ್ದರು. ಗಾಲಿ ತಣ್ಣಗಿದ್ದರೆ ಮುಖದಲ್ಲಿ ಸಮಾಧಾನ. ಬಿಸಿಯಾಗಿದ್ದರೆ ತಮ್ಮನ್ನೇ ಬೈದುಕೊಳ್ಳುತ್ತಿದ್ದರು: "ಇವತ್ತ ಬ್ರೇಕ್ ಮ್ಯಾಲ ಭಾಳ ನಿಂತೇನಿ ನೋಡ್ರಿ, ನಾಚಿಕಿ ಬರಬೇಕು ನನಗ." ಹದಿನೈದು ವರ್ಷಕ್ಕೂ ಹೆಚ್ಚು ನಮ್ಮ ಮನೆಯ ಕಾರು ಓಡಿಸಿದರು. ಅಷ್ಟು ವರ್ಷಗಳಲ್ಲಿ ಅವರು ಹಾಗೆ ಬೈದುಕೊಂಡದ್ದನ್ನು ನಾನು ಕೇಳಿದ್ದು ಎರಡೋ ಮೂರೋ ಸಲ. ಅಂಥವರಿಗೆ ಗಾಡಿ ಓಡಿಸಲು ಬರುವುದಿಲ್ಲ ಎಂದು ಊರ ತುಂಬ ಹೇಳಿಕೊಂಡು ತಿರುಗಿದವನು ನನ್ನ ಸ್ವಂತ ಅಣ್ಣ. ಸಿಟ್ಟು ಇಳಿದ ಮೇಲೆ ಇದನ್ನು ಬರೆಯೋಣವೆಂದು ಇಷ್ಟು ವರ್ಷ ಕಾದೆ. ಅದು ಇಳಿಯುವ ಲಕ್ಷಣ ಕಾಣಲಿಲ್ಲ, ಬರೆಯುತ್ತಿದ್ದೇನೆ.

ನಮ್ಮ ಮನೆ ಕೇಶ್ವಾಪುರದಲ್ಲಿ. ಅಣ್ಣನದು ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿ ಮತ್ತು ಕಾಳಿನ ವ್ಯಾಪಾರ. ನಾನು ಮದುವೆಯಾಗದೆ ಅಣ್ಣನ ಮನೆಯಲ್ಲೇ ಉಳಿದವಳು. ವಿದ್ಯಾನಗರದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಫಕೀರಪ್ಪನವರು ನಮ್ಮಲ್ಲಿಗೆ ಬಂದದ್ದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಅದಕ್ಕೂ ಮೊದಲು ಇಪ್ಪತ್ತು ವರ್ಷ ಯಾರ್ಡಿನಿಂದ ಲಾರಿ ತುಂಬಿಕೊಂಡು, ಯಲ್ಲಾಪುರ ದಾಟಿ, ಅರಬೈಲ ಘಾಟ ಇಳಿದು ಕಾರವಾರ, ಮಂಗಳೂರಿಗೆ ಹೋಗಿ ಬಂದವರು. ಬೆನ್ನು ನೋವು ಹತ್ತಿದ್ದರಿಂದ ಲಾರಿ ಬಿಟ್ಟರು. ಕುಳ್ಳ ಆಳು, ಹಣೆಯ ಮೇಲೆ ಮೂರೆಳೆ ವಿಭೂತಿ, ಖಾಕಿ ಅಂಗಿ, ಬೆನ್ನಿಗೆ ಆಸರೆಯಾಗಿ ಸೀಟಿನಲ್ಲಿ ನಾಲ್ಕು ಮಡಿಕೆ ಮಾಡಿದ ಕೌದಿಯ ತುಂಡು. ತನಗಿಂತ ಹತ್ತು ವರ್ಷ ದೊಡ್ಡವರಾದ ಅವರನ್ನು ಅಣ್ಣ "ಏ ಫಕೀರ್ಯಾ" ಎಂದು ಕರೆಯುತ್ತಿದ್ದ. ನನಗೆ ಅವರು ವಿದ್ಯೆ ಕಲಿಸಿದವರು. ಹೀಗಾಗಿ ಮನೆಯಲ್ಲಿ ಅವರಿಗೆ ಬಹುವಚನ ಹಚ್ಚುತ್ತಿದ್ದವಳು ನಾನೊಬ್ಬಳೇ.

ಬಯಲು ರಸ್ತೆಯಲ್ಲಿ ಅವರ ಬಾಯಿ ನಿಲ್ಲುತ್ತಿರಲಿಲ್ಲ. ಮೆಣಸಿನಕಾಯಿಯ ಧಾರಣಿಯಿಂದ ಹಿಡಿದು ಬೀಗರ ಜಗಳದವರೆಗೆ ಎಲ್ಲ ಬರುತ್ತಿತ್ತು. ಆದರೆ ರಸ್ತೆ ಸ್ವಲ್ಪ ಇಳಿಮುಖವಾಯಿತೋ, ಅರ್ಧ ಮಾತಿನಲ್ಲೇ ನಿಂತುಬಿಡುತ್ತಿದ್ದರು. ಎದುರಿಗೆ ಮಾತಾಡುತ್ತಿದ್ದವರನ್ನೂ ನಿಲ್ಲಿಸುತ್ತಿದ್ದರು. "ಸಾವ್ಕಾರ್ರ, ಚೂರ ಸುಮ್ನಿರ್ರಿ. ಇಂಜಿನ್ ಏನೋ ಹೇಳಾಕತ್ತೈತಿ." ಅಣ್ಣನಿಗೆ ಇದು ಮೈಯೆಲ್ಲ ಉರಿ. ತನ್ನ ಗಾಡಿಯಲ್ಲಿ ತಾನೇ ಸುಮ್ಮನೆ ಕೂರಬೇಕೆಂದರೆ ಸಾವ್ಕಾರಿಕೆ ಎಲ್ಲಿ ಉಳಿಯಿತು?

ನನಗೆ ಅವರು ಕಾರು ಕಲಿಸಿದ್ದು ಭಾನುವಾರಗಳಲ್ಲಿ, ಯಾರ್ಡಿನ ಖಾಲಿ ಬಯಲಿನಲ್ಲಿ. ಆಗ ನಮ್ಮಲ್ಲಿದ್ದದ್ದು ಬೆನ್ನುಬ್ಬಿದ ಹಳೆಯ ಬಿಳಿ ಕಾರು, ಗೇರಿನ ಹಿಡಿ ಸ್ಟೇರಿಂಗಿನ ಪಕ್ಕದಲ್ಲೇ. ಒಂದು ತಿಂಗಳಾದ ಮೇಲೆ ಧಾರವಾಡದವರೆಗೆ ನಾನೇ ಓಡಿಸಿಕೊಂಡು ಹೋದೆ. ವಾಪಸು ಬರುವಾಗ ಒಂದು ಇಳಿಜಾರಿನಲ್ಲಿ, ಅಣ್ಣ ಮಾಡುವುದನ್ನು ನೋಡಿದ್ದೆನಲ್ಲ, ಗೇರು ತೆಗೆದು ಗಾಡಿಯನ್ನು ನ್ಯೂಟ್ರಲ್ಲಿಗೆ ಬಿಟ್ಟೆ. ಪೆಟ್ರೋಲ್ ಉಳಿಯುತ್ತದೆ ಎಂದು ನಮ್ಮ ಕಡೆ ಎಲ್ಲರೂ ಮಾಡುವುದೇ ಅದು. ಗಾಡಿ ಗಾಳಿಯಲ್ಲಿ ತೇಲಿದಂತೆ ಹೋಗತೊಡಗಿತು. ನನಗೆ ಬಹಳ ಖುಷಿ.

"ಬಾಜೂಕ ಹಚ್ಚ್ರಿ," ಅಂದರು. ರಸ್ತೆಯ ಪಕ್ಕಕ್ಕೆ ಹಚ್ಚಿದೆ. ಬಾಗಿಲು ತೆಗೆದು ಇಳಿದರು. "ನೀವು ಹೋಗ್ರಿ ಅಕ್ಕಾರ. ನಾ ನಡಕೋಂತ ಬರ್ತೇನಿ."

ಹೇಳಿದ್ದಷ್ಟೇ ಅಲ್ಲ, ನಡೆದೇಬಿಟ್ಟರು. ನಾನು ಇಳಿಜಾರಿನ ಬುಡದಲ್ಲಿ ಗಾಡಿ ನಿಲ್ಲಿಸಿಕೊಂಡು ಕಾದೆ. ಬೆನ್ನು ಹಿಡಿದುಕೊಂಡು ಬಿಸಿಲಲ್ಲಿ ಬಂದರು, ಬಂದು, ಗಾಡಿ ಹತ್ತದೆಯೇ ಕಿಟಕಿಯಲ್ಲಿ ಬಗ್ಗಿ ಹೇಳಿದರು: "ತುಂಬಿದ ಬಂಡಿ ಇಳಿಜಾರಿನ್ಯಾಗ ಇಳಿಯಾಗ ಎತ್ತಿನ ಹಗ್ಗಾ ಬಿಡ್ತಾರೇನ್ರಿ? ಗೇರಂದ್ರ ಹಗ್ಗ. ಬ್ರೇಕಂದ್ರ ಬಡಿಗಿ. ಹಗ್ಗಾ ಬರೋಬರಿ ಹಿಡದವಗ ಬಡಿಗಿ ಕೆಲಸಾ ಭಾಳ ಇರಂಗಿಲ್ಲ. ಏರೂ ಮುಂದ ಯಾವ ಗೇರೋ, ಇಳಿಯೂ ಮುಂದ ಅದ ಗೇರು. ಇಷ್ಟ ತಿಳಕೋರಿ, ಉಳದದ್ದೆಲ್ಲಾ ಹಾರ್ನ್ ಹೊಡಿಯೂ ವಿದ್ಯಾ." ನಾನು ಎಂ.ಎ. ಓದಿದವಳು. ಅಷ್ಟು ಚೊಕ್ಕ ಪಾಠವನ್ನು ನನಗೆ ಯಾವ ಪ್ರೊಫೆಸರೂ ಮಾಡಿರಲಿಲ್ಲ.

ಎರಡು ಸಾವಿರದ ಇಸವಿಯ ಮೊದಲ ದಶಕ ಮುಗಿಯುತ್ತ ಬಂದಾಗ ಅಣ್ಣನಿಗೆ ದೊಡ್ಡ ಕಾರಿನ ಆಸೆ ಹತ್ತಿತು. ಕ್ಲಚ್ಚಿಲ್ಲ, ಗೇರು ತಾನೇ ಬೀಳುವ ಆಟೋಮ್ಯಾಟಿಕ್ ಗಾಡಿ ತಂದ. ಯಾರ್ಡಿನಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಸ್ಟೇರಿಂಗಿನ ಹಿಂದೆ, ಎಡಕ್ಕೊಂದು ಬಲಕ್ಕೊಂದು, ಬೆರಳಿಗೆ ಸಿಗುವಂತೆ ಎರಡು ಪುಟ್ಟ ಪಟ್ಟಿಗಳಿದ್ದವು. ಶೋರೂಮಿನ ಟೈ ಕಟ್ಟಿದ ಸೇಲ್ಸ್‌ಮನ್‌ನನ್ನು ಫಕೀರಪ್ಪನವರು ಕೇಳಿದರು, ಇವು ಏನು ಎಂದು. ಆತ ಅವರ ಕಡೆ ನೋಡದೆ ಅಣ್ಣನಿಗೆ ಉತ್ತರ ಕೊಟ್ಟ: "ಅವು ರೇಸ್ ಹೊಡೆಯೋರಿಗೆ ಸರ್, ಶೋಕಿಗೆ. ನೀವು ಡಿ ಗೆ ಹಾಕಿ ಆರಾಮಾಗಿ ಕೂತ್ಕೊಳ್ಳಿ. ಗಾಡಿಗೇ ಬುದ್ಧಿ ಇದೆ." ಆ ಮಾತು ಅಣ್ಣನ ನಾಲಿಗೆಗೆ ಪೇಡೆಯ ಹಾಗೆ ಅಂಟಿಕೊಂಡಿತು. ಗಾಡಿಗೇ ಬುದ್ಧಿ ಇದೆ! ಕಂಡಕಂಡವರಿಗೆಲ್ಲ ಹೇಳಿದ.

ಫಕೀರಪ್ಪನವರು ಮಾತ್ರ ಆ ಪಟ್ಟಿಗಳನ್ನು ಬಿಡಲಿಲ್ಲ. ಗಾಡಿಯ ಜೊತೆ ಬಂದ ದಪ್ಪ ಪುಸ್ತಕ ಹಿಡಿದುಕೊಂಡು ನನ್ನ ಹತ್ತಿರ ಬಂದರು. "ಅಕ್ಕಾರ, ಇಂಗ್ಲೀಷಿನ್ಯಾಗ ಏನ ಬರದಾರ, ಓದಿ ಹೇಳ್ರಿ. ಪಟ್ಟಿ ಮಾಡಿದಾಂವ ಹುಚ್ಚ ಇರಲಿಕ್ಕಿಲ್ಲ." ಒಂದು ವಾರ, ಕಾಲೇಜಿನಿಂದ ಬಂದ ಮೇಲೆ ದಿನಾ ಸಂಜೆ, ನಿಂತ ಕಾರಿನಲ್ಲಿ ಇಬ್ಬರೂ ಕುಳಿತು ಓದಿದೆವು. ನಾನು ಒಂದು ಸಾಲು ಓದಿ ಕನ್ನಡದಲ್ಲಿ ಹೇಳುವುದು, ಅವರು ಅದನ್ನು ತಮ್ಮ ಕನ್ನಡಕ್ಕೆ ಇಳಿಸಿಕೊಳ್ಳುವುದು. ಮರುದಿನ ಮುಂಜಾನೆ ರಸ್ತೆಗೆ ಒಯ್ದು ತಾಳೆ ನೋಡುವುದು.

ಪಟ್ಟಿಗಳಿಗೆ ಅವರು ಕಿವಿ ಎಂದು ಹೆಸರಿಟ್ಟರು. "ಸ್ಟೇರಿಂಗಿಗೆ ಎರಡ ಕಿವಿ ಅದಾವ್ರಿ. ಎಡಗಿವಿ ಹಿಂಡಿದ್ರ ಗೇರು ಒಂದ ಇಳಿತೈತಿ, ಬಲಗಿವಿ ಜಗ್ಗಿದ್ರ ಒಂದ ಏರ್ತೈತಿ. ಎಡಗಿವಿ ಮ್ಯಾಲ ವಜಾ ಗುರುತ ಹಾಕ್ಯಾರ ನೋಡ್ರಿ." ಯಾರ್ಡಿನಲ್ಲಿ ಚೀಲದ ತೂಕ ಕಳೆಯುವುದಕ್ಕೆ ವಜಾ ಅನ್ನುತ್ತಾರೆ, ಮೈನಸ್ ಚಿಹ್ನೆ ಅವರಿಗೆ ಯಾವತ್ತಿದ್ದರೂ ವಜಾ. ಗೇರಿನ ಹಿಡಿ ಡಿ ಯಲ್ಲಿದ್ದಾಗ, ಅಂದರೆ ಗಾಡಿ ತಾನೇ ಗೇರು ಆರಿಸುವಾಗ, ಎಡಗಿವಿ ಹಿಂಡಿದರೆ ಗಾಡಿ ಮಾತು ಕೇಳುತ್ತದೆ, ಆದರೆ ಸ್ವಲ್ಪ ದೂರ ಹೋದ ಮೇಲೆ ಮತ್ತೆ ತನ್ನ ಮನಸ್ಸಿಗೆ ಬಂದ ಗೇರಿಗೆ ಹೋಗಿಬಿಡುತ್ತದೆ. "ಡಿ ಒಳಗ ಇದಕ್ಕ ಮರವು ಐತ್ರಿ. ಹಿಡಿ ಜಗ್ಗಿ ಎಸ್ ಒಳಗ ಹಾಕಿ ಕಿವಿ ಹಿಂಡಿದ್ರ ಮಾತಿನ ಮ್ಯಾಲ ನಿಂದರತೈತಿ." ಹಿಂಡುವುದಕ್ಕೂ ಒಂದು ರೀತಿ ಇತ್ತು. ತಿರುವಿನಲ್ಲಿ ಹಿಂಡಬಾರದು, ತಿರುವು ಬರುವ ಮೊದಲೇ ಹಿಂಡಬೇಕು. ಬ್ರೇಕು ಮುಟ್ಟಿ ವೇಗ ತಗ್ಗಿಸಿ ಒಂದು ಸಲ ಹಿಂಡಬೇಕು, ಇಂಜಿನ್ ಸಪ್ಪಳ ಹದಕ್ಕೆ ಬರುವವರೆಗೆ ಕಾಯಬೇಕು, ಆಮೇಲೆ ಇನ್ನೊಂದು. "ಒಮ್ಮೆಲೆ ಎರಡೆರಡ ಸಲ ಹಿಂಡಿದ್ರ ಹುಡುಗೂರೂ ಕೇಳಂಗಿಲ್ಲ, ಗಾಡಿನೂ ಕೇಳಂಗಿಲ್ಲ." ಐವತ್ತೈದು ದಾಟಿದ ಮನುಷ್ಯ, ಮೂರನೆಯ ಇಯತ್ತೆ ಓದಿದವರು, ಹೀಗೆ ಕಲಿತರು. ಟೈ ಕಟ್ಟಿದವನು ಆ ಪುಸ್ತಕ ತೆರೆದೂ ನೋಡಿರಲಿಲ್ಲವೆಂದು ನಾನು ಪ್ರಮಾಣ ಮಾಡಿ ಹೇಳುತ್ತೇನೆ.

ಅದಾಗಿ ಎರಡು ತಿಂಗಳಿಗೆ ಅಣ್ಣ ಇಬ್ಬರು ವ್ಯಾಪಾರಿ ಗೆಳೆಯರನ್ನು ಕೂರಿಸಿಕೊಂಡು ಅಂಕೋಲೆಗೆ ಹೊರಟ. ಘಾಟದ ಬಾಯಿಗೆ ಬಂದ ಕೂಡಲೇ ಫಕೀರಪ್ಪನವರು ಎಸ್ ಗೆ ಹಾಕಿ ಎಡಗಿವಿ ಹಿಂಡಿದರು. ಇಂಜಿನ್ನಿನ ಸದ್ದು ಏರಿತು, ಗಾಡಿ ನಿಧಾನಕ್ಕೆ ಇಳಿಯತೊಡಗಿತು. ಗೆಳೆಯನೊಬ್ಬ ನಕ್ಕನಂತೆ: "ಏನ್ ಸಾವ್ಕಾರ್ರ, ಇಷ್ಟ ದೊಡ್ಡ ಗಾಡಿ ತಂದ್ರಿ, ನಿಮ್ಮ ಡ್ರೈವರ್ ಇದನ್ನೂ ಲಾರಿ ಮಾಡ್ಯಾನಲ್ಲ!" ಅಷ್ಟೇ ಸಾಕಾಯಿತು. "ಇಂಜಿನ್ ಚೀರಾಕತ್ತೈತಿ, ಬಿಡಲೇ ಅದನ್ನ!" ಎಂದು ಅಣ್ಣ ಕೂಗಿದ. ಫಕೀರಪ್ಪನವರು, "ಅದು ಚೀರೂದಲ್ರಿ, ಭಾರಾ ಹೊರೂ ಸಪ್ಪಳ," ಎಂದು ಹೇಳಿ, ಹಿಡಿದ ಗೇರಿನಲ್ಲೇ ಘಾಟ ಇಳಿಸಿದರು. ಇದನ್ನೆಲ್ಲ ಅಣ್ಣನೇ ಮನೆಗೆ ಬಂದು ಕೂಗಾಡುತ್ತ ಹೇಳಿದ್ದು.

ಮರುದಿನ ಅಣ್ಣ ಸೇಲ್ಸ್‌ಮನ್‌ಗೆ ಫೋನ್ ಮಾಡಿದ. ಆತ, "ಸುಮ್ನೆ ಅದನ್ನ ಎಳೀತಿದ್ರೆ ಗೇರ್‌ಬಾಕ್ಸ್ ಹೋಗ್ಬಹುದು ಸರ್," ಅಂದ. ಅಣ್ಣ ವೈರಿಂಗಿನ ಕರಿ ಟೇಪು ತರಿಸಿ ಎರಡೂ ಪಟ್ಟಿಗಳನ್ನು ಸ್ಟೇರಿಂಗಿಗೆ ಸೇರಿಸಿ ಬಿಗಿಯಾಗಿ ಸುತ್ತಿದ. ಲಕ್ಷಗಟ್ಟಲೆ ಕೊಟ್ಟು ತಂದ ಗಾಡಿಗೆ, ಅದನ್ನು ಮಾಡಿದವರು ಬುದ್ಧಿಯಿಟ್ಟು ಕೂರಿಸಿದ ವಸ್ತುವಿಗೆ, ಟೇಪು!

ಫಕೀರಪ್ಪನವರು ಬಂದು ನೋಡಿದರು. ಪಡಸಾಲೆಯಲ್ಲಿ ಅಣ್ಣ, ಅದೇ ಇಬ್ಬರು ಗೆಳೆಯರು, ಚಹಾ ತಂದ ನಾನು. "ಸಾವ್ಕಾರ್ರ, ಊರಾಗ ಹೊಡೀತೇನಿ. ಕಿವಿ ಕಟ್ಟಿಕೊಂಡು ಘಾಟಕ್ಕ ಒಯ್ಯಂಗಿಲ್ರಿ. ನಿಮ್ಮ ಜೀಂವಾ ನನ್ನ ಕೈಯಾಗ ಇರ್ತೈತಿ."

"ಗಾಡಿಗೇ ಬುದ್ಧಿ ಇರಾಗ ನಿನ್ನ ಬುದ್ಧಿ ಯಾರಿಗೆ ಬೇಕಲೇ?" ಅಣ್ಣ ಗೆಳೆಯರ ಕಡೆ ನೋಡುತ್ತ ಹೇಳಿದ. "ನಾಳಿಂದ ಬರಬ್ಯಾಡ."

ಅವರು ಕೀಲಿಕೈಯನ್ನು ಟೀಪಾಯಿಯ ಮೇಲಿಟ್ಟರು. ಹೊರಗೆ ಚಪ್ಪಲಿ ಮೆಟ್ಟುವಾಗ ನನಗೆ ಮಾತ್ರ ಕೇಳುವಂತೆ, "ಎರಡೂ ವಜಾ ಆದ್ವಲ್ರಿ ಅಕ್ಕಾರ, ಎಡಗಿವೀನೂ, ನಾನೂ," ಎಂದು ನಕ್ಕರು. ಪುಸ್ತಕ ಓದಿ ಹೇಳಿದವಳು ನಾನು, ಅದರಲ್ಲಿ ಏನು ಬರೆದಿದೆಯೆಂದು ಗೊತ್ತಿದ್ದವಳು ನಾನು. ಒಂದು ಮಾತು ಆಡಲಿಲ್ಲ. ಅಣ್ಣನ ಮನೆಯಲ್ಲಿರುವ ತಂಗಿ, ಹೊರಗಿನವರ ಎದುರು ಅಣ್ಣನ ಮಾತು ಮೀರಬಾರದಲ್ಲ! ಖಾಲಿ ಕಪ್ಪುಗಳನ್ನು ಒಳಗೆ ಒಯ್ದೆ.

ಕೆಲಸ ಕಳೆದದ್ದು ಒಂದು ಕಡೆ. ಅವರ ಹೆಸರು ಕೆಡಿಸಿದ್ದು ಇನ್ನೊಂದು. ಇಷ್ಟು ವರ್ಷದವರನ್ನು ಯಾಕೆ ಬಿಡಿಸಿದಿರಿ ಎಂದು ಯಾರ್ಡಿನಲ್ಲಿ ಕೇಳಿದವರಿಗೆಲ್ಲ ಅಣ್ಣ, "ಹೊಸಾ ಗಾಡಿ ಗೇರ್‌ಬಾಕ್ಸ್ ಸುಟ್ಟಾನ್ರಿ," ಎಂದು ಹೇಳಿದ. ಗೇರ್‌ಬಾಕ್ಸಿಗೆ ಕೂದಲಷ್ಟೂ ಧಕ್ಕೆಯಾಗಿರಲಿಲ್ಲ. ಆದರೆ ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಮಂದಿ ನಮ್ಮವರು. ಕೇಶ್ವಾಪುರದಲ್ಲಾಗಲಿ ಯಾರ್ಡಿನಲ್ಲಾಗಲಿ ಫಕೀರಪ್ಪನವರಿಗೆ ಯಾರೂ ಗಾಡಿ ಕೊಡಲಿಲ್ಲ.

ಆ ವರ್ಷ ದೀಪಾವಳಿಯ ರಜೆಯಲ್ಲಿ ನಮ್ಮ ಅವ್ವ ಗೋಕರ್ಣ ನೋಡಬೇಕೆಂದಳು. ಅಣ್ಣ ತಾನೇ ಓಡಿಸಿದ. ಹಿಂದೆ ಅವ್ವ ಮತ್ತು ಅಣ್ಣನ ಹೆಂಡತಿ ವೈನಿ, ಮುಂದೆ ಅಣ್ಣನ ಎಡಕ್ಕೆ ನಾನು. ಅರಬೈಲ ಘಾಟದಲ್ಲಿ ಗಾಡಿ ಡಿ ಯಲ್ಲಿ, ಅಣ್ಣನ ಕಾಲು ಬ್ರೇಕಿನ ಮೇಲೆ. ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ಅರ್ಧ ಘಾಟ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ ಬಂತು. ವೈನಿ ಮೂಗಿಗೆ ಸೆರಗು ಹಿಡಿದು, ಯಾವುದೋ ಲಾರಿಯದು ಅಂದಳು. ಆಮೇಲೆ ಅಣ್ಣನ ಮುಖ ನೋಡಿದೆ. ಬೆವತಿದ್ದ. "ಬ್ರೇಕ್ ಒಳಗ ಹೊಂಟೈತಿ, ಹತ್ತವಲ್ದು," ಅಂದ. ಎದುರಿಗೆ ತಿರುವು, ಅದರಾಚೆ ಕಣಿವೆ.

ನಾನು ಗೇರಿನ ಹಿಡಿಯನ್ನು ಎಸ್ ಗೆ ಜಗ್ಗಿದೆ. ಎಡಗಿವಿ ನನ್ನ ಕೈಗೇ ಹತ್ತಿರವಿತ್ತು. ಟೇಪನ್ನು ಉಗುರಿನಿಂದ ಕಿತ್ತೆ. ಎರಡು ಉಗುರು ಮುರಿದವು. ಒಂದು ಸಲ ಹಿಂಡಿದೆ. ಇಂಜಿನ್ ಗುಡುಗಿತು, ಗಾಡಿಯನ್ನು ಯಾರೋ ಹಿಂದಿನಿಂದ ಹಿಡಿದೆಳೆದಂತಾಯಿತು. ಎಣಿಸುತ್ತ ಕಾದೆ. ಸದ್ದು ಹದಕ್ಕೆ ಬಂತು. ಇನ್ನೊಂದು ಸಲ ಹಿಂಡಿದೆ. ತಿರುವಿನಲ್ಲಿ ಗಾಡಿ ನಡೆಯುವ ಮನುಷ್ಯನ ವೇಗಕ್ಕೆ ಇಳಿದಿರಲಿಲ್ಲ ನಿಜ, ಆದರೆ ರಸ್ತೆಯ ಮೇಲೆ ಉಳಿಯಿತು. ಮುಂದೆ ಲಾರಿಗಳು ನಿಲ್ಲುವ ಅಗಲ ಜಾಗದಲ್ಲಿ ಏರು ಮಣ್ಣಿಗೆ ಹತ್ತಿಸಿ ನಿಲ್ಲಿಸಿದೆವು. ಅವ್ವ ನಾಮಸ್ಮರಣೆ ಮಾಡುತ್ತಲೇ ಇದ್ದಳು.

ಇಷ್ಟಾದ ಮೇಲಾದರೂ ಬುದ್ಧಿ ಬರಬೇಕಲ್ಲ? ಊರಿಗೆ ಬಂದು ವಾರವಾಗಿಲ್ಲ, ಪಡಸಾಲೆಯಲ್ಲಿ ಅಣ್ಣ ಗೆಳೆಯರಿಗೆ ಹೇಳುವುದು ನನ್ನ ಕಿವಿಗೆ ಬಿತ್ತು: "ಘಾಟಿನ್ಯಾಗ ಬ್ರೇಕ್ ಕೈ ಕೊಟ್ಟರೂ ಗಾಡಿ ತಾನ ಸಂಭಾಳಿಸಿಕೊಂಡ ನಿಂತ್ತು ನೋಡ್ರಿ. ನಾ ಹೇಳಿರಲಿಲ್ಲೇನು, ಇದಕ್ಕ ಬುದ್ಧಿ ಐತಿ ಅಂತ?" ಗ್ಯಾರೇಜಿನವರು ಸುಟ್ಟ ಬ್ರೇಕ್ ಪ್ಯಾಡು ಬದಲಿಸಿ, ಗೇರ್‌ಬಾಕ್ಸ್ ಹೊಸದರ ಹಾಗಿದೆ ಎಂದು ಅವನ ಎದುರೇ ಹೇಳಿದ್ದರು. ಅದನ್ನು ಅವನು ಯಾರಿಗೂ ಹೇಳಲಿಲ್ಲ. ಗೆಳೆಯರು ಹೋದ ಮೇಲೆ ಜಗಳ ತೆಗೆದೆ. ಫಕೀರಪ್ಪನವರನ್ನು ಕರೆಸು, ಇಲ್ಲವೆ ಯಾರ್ಡಿನಲ್ಲಿ ನಿಜ ಹೇಳು ಅಂದೆ. "ಮನಿ ಮಾತು ಮನ್ಯಾಗ ಇರಲಿ. ಅಣ್ಣನ ಮರ್ಯಾದಿ ಕಳದ ನಿನಗ ಏನ ಬರೂದೈತಿ?" ಅಂದ.

ಮರುದಿನವೇ ಗೋಪನಕೊಪ್ಪದಲ್ಲಿದ್ದ ಅವರ ಮನೆಗೆ ಹೋದೆ. ಮಗಳು ರೇಣವ್ವನ ಜೊತೆ ಇದ್ದರು. ಕಟ್ಟೆಯ ಮೇಲೆ ಚಾಪೆ ಹಾಸಿದರು. ಘಾಟದ ಕತೆ ಹೇಳಿದೆ. ಕಣ್ಣು ಸಣ್ಣ ಮಾಡಿ ಕೇಳಿದರು. ನಡುವೆ ಒಂದೇ ಪ್ರಶ್ನೆ: "ಮೊದಲನೇದಕ್ಕೂ ಎರಡನೇದಕ್ಕೂ ನಡುವ ಕಾದ್ರ್ಯೋ ಇಲ್ಲೋ?" ಕಾದೆ ಅಂದಾಗ ತೊಡೆ ತಟ್ಟಿಕೊಂಡರು. ಮುರಿದ ಉಗುರು ತೋರಿಸಿದೆ. ಆಮೇಲೆ ಅಣ್ಣ ಹೇಳುತ್ತಿರುವುದನ್ನೂ ಹೇಳಿ, "ನಿಮ್ಮ ವಿದ್ಯಾ ನಮ್ಮ ನಾಕೂ ಮಂದಿ ಜೀಂವಾ ಉಳಸ್ತು ಕಾಕಾ," ಅಂದೆ. ನನ್ನ ಕಣ್ಣಲ್ಲಿ ನೀರಿತ್ತು.

ಅವರ ಮುಖ ಗಟ್ಟಿಯಾಯಿತು. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು, ಅಂದು ಇಳಿಜಾರಿನಲ್ಲಿ ಬಿಟ್ಟರೆ, ಇದೊಂದೇ ಸಲ. "ಇದನ್ನ ನನಗ ಯಾಕ ಹೇಳಾಕತ್ತೀರಿ ಅಕ್ಕಾರ? ನನಗ ಗೊತ್ತೈತಿ. ಗೊತ್ತಿಲ್ಲದವರಿಗೆ ಹೇಳ್ರಿ. ಯಾರ್ಡಿನ್ಯಾಗ ನಾಕ ಮಂದಿ ಮುಂದ ಹೇಳ್ರಿ, ಫಕೀರಪ್ಪ ಗಾಡಿ ಕೆಡಿಸಿಲ್ಲ ಅಂತ. ನನಗ ಮತ್ತೇನೂ ಬ್ಯಾಡ."

"ಹೇಳ್ತೇನ್ರಿ ಕಾಕಾ," ಅಂದೆ.

ಹೇಳಲಿಲ್ಲ. ಯಾರ್ಡಿಗೆ ಹೆಂಗಸರು ಹೋಗುವ ರೂಢಿಯಿಲ್ಲ ಎಂದು ಒಂದು ನೆವ. ಅವ್ವನಿಗೆ ಆರಾಮಿಲ್ಲ, ಈಗ ಮನೆಯಲ್ಲಿ ಜಗಳ ಬೇಡ ಎಂದು ಇನ್ನೊಂದು. ನಾಚಿಕೆಯಿಂದ ಗೋಪನಕೊಪ್ಪದ ಕಡೆ ಹೋಗುವುದನ್ನೂ ಬಿಟ್ಟೆ. ಒಂದು ವರ್ಷ ಹೀಗೇ ಹೋಯಿತು. ಒಂದು ಮುಂಜಾನೆ ಅವರು ಎದೆ ನೋವಿನಿಂದ ತೀರಿಕೊಂಡರೆಂದು ಸುದ್ದಿ ಬಂತು.

ಮೂರನೆಯ ದಿನ ಮನೆಯವರನ್ನು ಮಾತಾಡಿಸಿಕೊಂಡು ಬರಲು ಹೋದೆವು. ಅಣ್ಣನೂ ಬಂದ, ಬಾರದಿದ್ದರೆ ಜನ ಏನಂದಾರು? ಅಂಗಳದಲ್ಲಿ ಯಾರ್ಡಿನ ಹಳೆಯ ಲಾರಿ ಡ್ರೈವರುಗಳು, ಹಮಾಲರು, ನಾಲ್ಕೈದು ವ್ಯಾಪಾರಿಗಳು ಕುಳಿತಿದ್ದರು. ಅಣ್ಣ ಕುರ್ಚಿಯಲ್ಲಿ ಕೂತು, ದೊಡ್ಡ ಉಸಿರು ಬಿಟ್ಟು ಹೇಳಿದ: "ಭಾಳ ಪ್ರಾಮಾಣಿಕ ಮನಷ್ಯಾ ಬಿಡ್ರಿ. ಹೊಸಾ ಗಾಡಿ ಒಂದ ಅವನ ಕೈಗೆ ಹತ್ತಲಿಲ್ಲ. ಗೇರ್‌ಬಾಕ್ಸ್ ಕೆಡಿಸಿದ್ದ, ಪಾಪ. ನಾನೂ ಮನಸಿನ್ಯಾಗ ಇಟ್ಕೊಳ್ಳಲಿಲ್ಲ."

ಸತ್ತವರನ್ನು ಕ್ಷಮಿಸಲು ಬಂದಿದ್ದಾನೆ! ನನ್ನ ತಲೆಗೆ ಬೆಂಕಿ ಹತ್ತಿತು. ಎದ್ದು ನಿಂತೆ. "ಸುಳ್ಳು," ಅಂದೆ, ಅಷ್ಟೂ ಜನರಿಗೆ ಕೇಳುವಂತೆ. "ಗೇರ್‌ಬಾಕ್ಸ್ ಕೆಟ್ಟಿರಲಿಲ್ಲ. ಬ್ರೇಕ್ ಸುಟ್ಟಾಂವ ನೀನು ಅಣ್ಣಾ. ಟೇಪ್ ಸುತ್ತಿದಾಂವ ನೀನು. ಘಾಟಿನ್ಯಾಗ ಗಾಡಿ ನಿಂತದ್ದು ಗಾಡಿ ಬುದ್ಧಿಯಿಂದಲ್ಲ, ಫಕೀರಪ್ಪ ಕಾಕಾ ಕಲಿಸಿದ್ದಕ್ಕ. ಅವರು ಹೇಳಿದ್ದಕ್ಕ ಇವತ್ತ ಅವ್ವ ಅದಾಳ, ನಾ ಅದೇನಿ, ನೀನೂ ಅದೀ." ಮೊದಲಿನಿಂದ ಕೊನೆಯವರೆಗೆ ಒಂದೂ ಬಿಡದೆ ಹೇಳಿದೆ. ಒಬ್ಬ ಹಳೆಯ ಡ್ರೈವರು, "ನನಗ ಅವತ್ತ ಖರೇ ಅನ್ನಿಸಿರಲಿಲ್ಲ ನೋಡ್ರಿ," ಎಂದು ಪಕ್ಕದವನಿಗೆ ಹೇಳಿದ. ಅಣ್ಣ ಚಪ್ಪಲಿ ಮೆಟ್ಟಿ ಹೊರಟುಹೋದ.

ನಿಜ ಹೇಳಬೇಕೆಂದರೆ, ಒಳಗೊಳಗೆ ನನಗೆ ಒಂದು ಹೆಮ್ಮೆ ಇತ್ತು. ಒಳಗೆ ಹೋಗಿ ರೇಣವ್ವನ ಪಕ್ಕ ಕುಳಿತೆ. ಅವಳು ಅಳುತ್ತಿರಲಿಲ್ಲ. ನನ್ನ ಕಡೆ ತಿರುಗಿ ಮೆಲ್ಲಗೆ ಅಂದಳು:

"ಅಪ್ಪಾ ದಿನಾ ಮುಂಜಾನೆ ಜಳಕಾ ಮಾಡಿ, ಅಂಗಿ ಹಾಕ್ಕೊಂಡು, ಕಟ್ಟಿ ಮ್ಯಾಲ ತಯಾರಾಗಿ ಕುಂದರತಿದ್ದಾ ಅಕ್ಕಾರ. ಯಾಕಪಾ ಅಂದ್ರ, ಇವತ್ತ ಯಾರರ ಗಾಡಿಗೆ ಕರಿಯಾಕ ಬರ್ತಾರ, ಅಕ್ಕಾರು ಹೇಳಿರ್ತಾರ, ಅಂತಿದ್ದಾ."